ಒಣಭೂಮಿಯ ಸಾವಯವ ಪಶುಪಾಲನೆಗೆ ದ್ವಿದಳ ಮೇವು

ಬಯಲುಸೀಮೆಯ ರೈತನ ಕಣದಲ್ಲಿ ರಾಗಿಹುಲ್ಲಿನ ಬಣವೆ ಎತ್ತರವಾಗಿದ್ದರೆ ಆ ವರ್ಷ ದನಕರುಗಳ ಚಿಂತೆಯಿಲ್ಲ ಎಂಬುದು ಹಳೆಯ ನಂಬಿಕೆ. ಉತ್ತರ ಕರ್ನಾಟಕದಲ್ಲಿ ಇದೇ ಮಾತನ್ನು ಜೋಳದ ಕಣಿಕೆಯ ಬಗ್ಗೆ ಹೇಳುತ್ತಾರೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಹುಲ್ಲು, ಕಣಿಕೆಗಳು ಹೊಟ್ಟೆ ತುಂಬಿಸುತ್ತವೆ, ಹಾಲು ಹೆಚ್ಚಿಸುವುದಿಲ್ಲ. ಒಣಗಿದ ಧಾನ್ಯದ ಹುಲ್ಲಿನಲ್ಲಿ ಸಸಾರಜನಕದ ಅಂಶ ಸಾಮಾನ್ಯವಾಗಿ ಶೇ. 3ರಿಂದ 4 ಮಾತ್ರ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಕೆಲಸ ಅಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳದು. ಮೇವಿನಲ್ಲಿ ಸಸಾರಜನಕ ಸುಮಾರು ಶೇ. 7ಕ್ಕಿಂತ ಕೆಳಗಿಳಿದರೆ ಈ ಜೀವಿಗಳೇ ಉಪವಾಸ ಬೀಳುತ್ತವೆ. ಆಗ ಹುಲ್ಲು ಹೊಟ್ಟೆಯಲ್ಲಿಯೇ ಉಳಿಯುತ್ತದೆ, ಹಸುವಿಗೆ ಇನ್ನಷ್ಟು ತಿನ್ನುವ ಆಸೆಯೂ ಇರುವುದಿಲ್ಲ. ಬಣವೆಯ ಪಕ್ಕದಲ್ಲಿಯೇ ದನ ಬಡಕಲಾಗುವುದಕ್ಕೆ ಇದೇ ಕಾರಣ.

ಈ ಕೊರತೆಯನ್ನು ಹೊಲದಲ್ಲಿಯೇ ತುಂಬಬಲ್ಲ ಬೆಳೆಗಳೆಂದರೆ ದ್ವಿದಳ ಮೇವುಗಳು. ಇವುಗಳ ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಹಾಗಾಗಿ ಗೊಬ್ಬರದ ಚೀಲ ಬಿಚ್ಚದೆಯೂ ಎಲೆಯಲ್ಲಿ ಶೇ. 15ರಿಂದ 20ರಷ್ಟು, ಕೆಲವು ಮರಗಳ ಸೊಪ್ಪಿನಲ್ಲಿ ಅದಕ್ಕೂ ಹೆಚ್ಚು, ಸಸಾರಜನಕ ಸಿಗುತ್ತದೆ.

ಸಾವಯವ ನಿಯಮಗಳು ಮುಚ್ಚುವ ಬಾಗಿಲುಗಳು

ಸಾಮಾನ್ಯ ಹೈನುಗಾರನಿಗೆ ಈ ಕೊರತೆ ಅಂಥ ದೊಡ್ಡ ಸಮಸ್ಯೆಯಲ್ಲ. ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ಕರಗಿಸಿದ ನೀರು ಚಿಮುಕಿಸಿ ಮುಚ್ಚಿಟ್ಟು ತಿನ್ನಿಸುವ ವಿಧಾನ ದಶಕಗಳಿಂದ ಬಳಕೆಯಲ್ಲಿದೆ. ಅದು ಬೇಡವೆಂದರೆ ಅಂಗಡಿಯಲ್ಲಿ ಹಿಂಡಿ, ಬೂಸಾ, ಚೀಲದ ಪಶು ಆಹಾರ ಸಿಗುತ್ತವೆ.

ಸಾವಯವ ಹಾಲು ಎಂಬ ಚೀಟಿ ಅಂಟಿಸಬೇಕಾದವನಿಗೆ ಈ ದಾರಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ದೇಶದ ಸಾವಯವ ಪ್ರಮಾಣೀಕರಣವನ್ನು ನಿರ್ದೇಶಿಸುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪಶುಪಾಲನೆಯ ಮಾನದಂಡಗಳು 2015ರಿಂದ ಜಾರಿಯಲ್ಲಿವೆ. ಮೇವಿಗೆ ಯೂರಿಯಾ ಬೆರೆಸುವುದು ಅವುಗಳಲ್ಲಿ ನಿಷಿದ್ಧ. ಹೆಕ್ಸೇನ್‌ನಂತಹ ದ್ರಾವಕದಿಂದ ಎಣ್ಣೆ ತೆಗೆದ ಹಿಂಡಿಯೂ ನಿಷಿದ್ಧ. ಮಾರುಕಟ್ಟೆಯ ಅಗ್ಗದ ಹಿಂಡಿಯಲ್ಲಿ ದೊಡ್ಡ ಪಾಲು ಇದೇ. ಕುಲಾಂತರಿ ಬೆಳೆಗಳ ಉತ್ಪನ್ನಗಳನ್ನೂ ತಿನ್ನಿಸುವಂತಿಲ್ಲ. ಉತ್ತರ ಕರ್ನಾಟಕದ ಕೊಟ್ಟಿಗೆಗಳಿಗೆ ಹತ್ತಿಕಾಳಿನ ಹಿಂಡಿಯೇ ಆಧಾರ. ಬಿ.ಟಿ. ಹತ್ತಿಗೆ 2002ರಲ್ಲಿ ಅನುಮತಿ ದೊರೆತ ಮೇಲೆ ದೇಶದ ಹತ್ತಿ ಪ್ರದೇಶದ ಶೇ. 90ಕ್ಕೂ ಹೆಚ್ಚು ಭಾಗ ಅದರ ಪಾಲಾಗಿರುವುದರಿಂದ ಆ ಆಧಾರವೂ ತಪ್ಪಿತು. ಉಳಿದದ್ದು ಸಾವಯವವಾಗಿ ಬೆಳೆದ ಶೇಂಗಾವನ್ನು ಗಾಣದಲ್ಲಿ ಅರೆದ ಹಿಂಡಿ. ಅದರ ಬೆಲೆ ಕೇಳಿದ ಮೇಲೆ ಬಹುಮಂದಿ ಹೊಲದತ್ತ ತಿರುಗುವುದು ಅನಿವಾರ್ಯ. ನಗರದ ಗ್ರಾಹಕರಿಗೆ ಸಾವಯವ ಹಾಲು ದುಬಾರಿಯೆನಿಸುವುದಕ್ಕೆ ಇದೂ ಒಂದು ಕಾರಣ.

ಕುದುರೆ ಮೆಂತೆ ಮತ್ತು ನೀರು

ದ್ವಿದಳ ಮೇವೆಂದೊಡನೆ ಎಲ್ಲರೂ ಹೆಸರಿಸುವುದು ಕುದುರೆ ಮೆಂತೆಯನ್ನು, ಅಂದರೆ ಲೂಸರ್ನ್ ಸೊಪ್ಪನ್ನು. ಒಮ್ಮೆ ಬಿತ್ತಿದರೆ ಮೂರು-ನಾಲ್ಕು ವರ್ಷ ಕೊಯ್ಲು ಕೊಡುವ, ದನಗಳು ಆಸೆಪಟ್ಟು ತಿನ್ನುವ ಈ ಬೆಳೆಯ ಗುಣದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ನೀರಿನಲ್ಲಿ. ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆಯಾದರೂ ನೀರು ಹಾಯಿಸದಿದ್ದರೆ ನಮ್ಮ ಬಯಲಿನಲ್ಲಿ ಇದರ ಇಳುವರಿ ಕುಸಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಯಿಂದ ನೀರೆತ್ತಿ ಹಸುವಿಗೆ ಸೊಪ್ಪು ಬೆಳೆಯುವುದು ಎಷ್ಟು ಕಾಲ ನಡೆದೀತು ಎಂಬ ಪ್ರಶ್ನೆಗೆ ಅಲ್ಲಿನ ಬತ್ತಿದ ಬಾವಿಗಳೇ ಉತ್ತರ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಗಿ ಬಂದಿತ್ತು. ಇದಲ್ಲದೆ ಹಸಿ ಕುದುರೆ ಮೆಂತೆಯನ್ನು ಹಸಿದ ದನಕ್ಕೆ ಒಮ್ಮೆಲೇ ಹಾಕಿದರೆ ಹೊಟ್ಟೆಯಲ್ಲಿ ನೊರೆಗಟ್ಟಿ ಉಬ್ಬರ ಬರುತ್ತದೆ; ಗಂಟೆಗಳಲ್ಲಿ ಜೀವ ಹೋಗುವ ಅಪಾಯವೂ ಉಂಟು.

ಹಾಗಾದರೆ ಮಳೆಯನ್ನು ಮಾತ್ರ ನಂಬಿ ಬೆಳೆಯಬಲ್ಲ ದ್ವಿದಳ ಮೇವು ಯಾವುದು? ಕುದುರೆ ಮೆಂತೆಯ ಜಾಗದಲ್ಲಿ ಕೂರಿಸಬಹುದಾದ ಒಂದೇ ಬೆಳೆಯೆಂಬುದು ಇಲ್ಲ. ಮಣ್ಣು, ಮಳೆ, ಋತುಗಳಿಗೆ ತಕ್ಕಂತೆ ನಾಲ್ಕಾರು ಗಿಡಗಳು ಆ ಹೊರೆಯನ್ನು ಹಂಚಿಕೊಳ್ಳಬೇಕು. ಅವುಗಳಲ್ಲಿ ಕೆಲವು ಪರದೇಶದಿಂದ ಬಂದವು. ಕೆಲವಂತೂ ನಮ್ಮ ಅಡುಗೆಮನೆಯಲ್ಲಿಯೇ ಇವೆ.

ಅಕ್ಕಡಿ ಸಾಲಿನ ಅವರೆ

ಚಳಿಗಾಲದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ರಾಶಿ ಬೀಳುವ ಅವರೆಕಾಯಿಯನ್ನು ಮೇವಿನ ಬೆಳೆಯೆಂದು ಯಾರೂ ನೆನೆಯುವುದಿಲ್ಲ. ಆದರೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್‌ನಲ್ಲಿ ಇದೇ ಅವರೆಯನ್ನು ಲ್ಯಾಬ್‌ಲ್ಯಾಬ್ ಎಂಬ ಹೆಸರಿನಲ್ಲಿ, ಕಾಯಿಗಾಗಿ ಅಲ್ಲದೆ, ದನಗಳನ್ನು ನೇರವಾಗಿ ಬಿಟ್ಟು ಮೇಯಿಸಲೆಂದೇ ಬಿತ್ತುತ್ತಾರೆ. ಅಲ್ಲಿ ಹೆಸರಾದ ರೋಂಗೈ ತಳಿಯ ಮೂಲ ಕೀನ್ಯಾ; ಹೈವರ್ತ್ ಎಂಬ ಇನ್ನೊಂದು ತಳಿ ಭಾರತದಿಂದ ಹೋದದ್ದು.

ಮೇವಿನ ದೃಷ್ಟಿಯಿಂದ ಅವರೆಯ ದೊಡ್ಡ ಗುಣವೆಂದರೆ ತರಕಾರಿ ಬೆಳೆಗಾರರು ಯಾವುದನ್ನು ದೋಷವೆಂದು ಭಾವಿಸಿದ್ದರೋ ಅದೇ. ಸಾಂಪ್ರದಾಯಿಕ ಸೊಗಡಿನ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ಆಷಾಢದಲ್ಲಿ ಬಿತ್ತಿದರೂ ಕಾರ್ತಿಕ ಬರುವವರೆಗೆ ಬಳ್ಳಿ ಹಬ್ಬುತ್ತಾ ಎಲೆ ಕೂಡಿಸುತ್ತಿರುತ್ತದೆ. ವರ್ಷವಿಡೀ ಕಾಯಿ ಬೇಕೆಂಬ ಪೇಟೆಯ ಬೇಡಿಕೆಗೆ ಇದು ಅಡ್ಡಿಯೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದಕ್ಕೆ ಅಂಜದ ಹೆಬ್ಬಾಳ ಅವರೆ ತಳಿಗಳನ್ನು ರೂಪಿಸಿತು. ಅವು ಬಹು ಜನಪ್ರಿಯವೂ ಆದವು. ಕೊಟ್ಟಿಗೆಗೆ ಮಾತ್ರ ಹಳೆಯ ತಳಿಯೇ ಲೇಸು. ನಾಲ್ಕು ತಿಂಗಳು ಎಲೆ ಬೆಳೆಸಿಕೊಂಡು, ಬೇರನ್ನು ಆಳಕ್ಕಿಳಿಸಿ, ಮಳೆ ನಿಂತು ರಾಗಿ ಕೊಯ್ಲಾದ ಮೇಲೂ ಹೊಲದಲ್ಲಿ ಹಸಿರಾಗಿ ನಿಲ್ಲುವ ಬೆಳೆ ಬಯಲುಸೀಮೆಯಲ್ಲಿ ಬೇರೆ ಹೆಚ್ಚೇನೂ ಇಲ್ಲ.

ಹಳೆ ಮೈಸೂರು ಭಾಗದ ರೈತರು ಇದನ್ನು ಅಕ್ಕಡಿ ಪದ್ಧತಿಯಲ್ಲಿ ಬೆಳೆಯುತ್ತಾ ಬಂದಿದ್ದಾರೆ. ಎಂಟು-ಹತ್ತು ಸಾಲು ರಾಗಿಗೆ ಒಂದೆರಡು ಸಾಲು ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು. ಹೊರಗಿನಿಂದ ನೋಡುವವರಿಗೆ ಇದು ಊಟದ ವೈವಿಧ್ಯದ ಏರ್ಪಾಡು. ವಾಸ್ತವದಲ್ಲಿ ಇದು ಮೇವಿನ ಏರ್ಪಾಡೂ ಹೌದು: ರಾಗಿಹುಲ್ಲಿನ ಜತೆ ಅವರೆಯ ಬಳ್ಳಿ, ಕಾಯಿ ಬಿಡಿಸಿದ ಸಿಪ್ಪೆ, ತೊಗರಿಯ ಹೊಟ್ಟು ಸೇರಿದಾಗ ಹಸುವಿನ ಗೋದಲಿಯಲ್ಲಿ ಏಕದಳ, ದ್ವಿದಳಗಳೆರಡೂ ಕೂಡುತ್ತಿದ್ದವು. ಇಡೀ ಹೊಲಕ್ಕೆ ಒಂದೇ ಬೆಳೆ ಎಂಬ ರೂಢಿ ಬಂದಂದಿನಿಂದ ಈ ಕೂಟ ಒಡೆಯಿತು.

ಅಲಸಂದೆ ಮತ್ತು ಹುರುಳಿ

ಬೇಗನೆ ಮೇವು ಬೇಕಾದವರಿಗೆ ಅಲಸಂದೆ. ಬಿತ್ತಿದ 50ರಿಂದ 60 ದಿನಗಳಲ್ಲಿ, ಅರ್ಧದಷ್ಟು ಹೂ ಬಂದಾಗ ಕೊಯ್ಯಬಹುದು. ಇಸಿ-4216 ಹಳೆಯ ಮೇವಿನ ತಳಿ. ಮಂಡ್ಯದ ವಿ.ಸಿ. ಫಾರಂನಿಂದ ಹೊರಬಂದ ಎಂಎಫ್‌ಸಿ-08-14 ಮತ್ತು ಎಂಎಫ್‌ಸಿ-09-1 ಈಚಿನವು. ಮುಸುಕಿನ ಜೋಳ ಅಥವಾ ಮೇವಿನ ಜೋಳದ ಸಾಲುಗಳ ನಡುವೆ ಹಾಕಿದರೆ ಎರಡನ್ನೂ ಒಟ್ಟಿಗೆ ಕೊಯ್ದು ತಿನ್ನಿಸಬಹುದು.

ಹುರುಳಿಯ ಸ್ಥಾನವೇ ಬೇರೆ. ಮುಂಗಾರು ಕೈಕೊಟ್ಟು, ರಾಗಿಯೂ ಒಣಗಿ, ಹುಬ್ಬೆ-ಉತ್ತರೆ ಮಳೆಗಳ ಹೊತ್ತಿಗೆ ಒಂದು ಹದ ಸಿಕ್ಕಿದಾಗ ರೈತ ಕೊನೆಯ ಆಸೆಯಾಗಿ ಚೆಲ್ಲುವ ಕಾಳಿದು. ಗೊಬ್ಬರವಿಲ್ಲದ ಕೆಂಪು ಗರಸಿನಲ್ಲಿ, ಒಂದೆರಡು ಮಳೆಯಲ್ಲಿ ನೆಲ ಮುಚ್ಚುವ ಶಕ್ತಿ ಇದಕ್ಕಿದೆ. ಉಳುವ ಎತ್ತುಗಳಿಗೆ ಬೇಯಿಸಿದ ಹುರುಳಿ ಕೊಡುವ ಪದ್ಧತಿ ಹಳ್ಳಿಗಳಲ್ಲಿ ಈಗಲೂ ಪೂರ್ತಿ ಅಳಿದಿಲ್ಲ. ಕಾಳು ಬಡಿದ ಮೇಲೆ ಉಳಿಯುವ ಹೊಟ್ಟನ್ನು ಕುರಿಗಳು ರಾಗಿಹುಲ್ಲನ್ನು ಬಿಟ್ಟು ತಿನ್ನುತ್ತವೆ. ಅಧಿಕ ಇಳುವರಿಯ ಲೆಕ್ಕದಲ್ಲಿ ಹುರುಳಿ ಎಂದಿಗೂ ಮೇಲೆ ಬರುವುದಿಲ್ಲ. ಬೇರೆಲ್ಲ ಬೆಳೆಗಳ ಇಳುವರಿ ಸೊನ್ನೆಯಾಗುವ ವರ್ಷದಲ್ಲಿ ಏನಾದರೂ ಕೊಡುತ್ತದೆಯೆಂಬುದೇ ಅದರ ಯೋಗ್ಯತೆ.

ಸ್ಟೈಲೋ: ಹಬ್ಬಿದ್ದು ಮತ್ತು ಕರಗಿದ್ದು

ವರ್ಷ ವರ್ಷ ಉತ್ತು ಬಿತ್ತಲಾಗದ ಬೀಳು, ಬದು, ಗೋಮಾಳಗಳಿಗೆ ಬಹುವಾರ್ಷಿಕ ಗಿಡ ಬೇಕು. ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವುದು ದಕ್ಷಿಣ ಅಮೆರಿಕ ಮೂಲದ ಸ್ಟೈಲೋ. ವರ್ಷಕ್ಕೆ 450ರಿಂದ 850 ಮಿಲಿಮೀಟರ್ ಮಳೆ ಬೀಳುವ, ನೀರು ಬಸಿಯುವ ಕೆಂಪು ಮರಳುಮಣ್ಣು ಇದಕ್ಕೆ ಸಾಕು. ರಂಜಕ ಕಡಿಮೆಯಿದ್ದರೂ ಗೊಣಗುವುದಿಲ್ಲ. ಹಸಿಯಾಗಿ ತಿಂದರೂ ಹೊಟ್ಟೆ ಉಬ್ಬರಿಸುವುದಿಲ್ಲ. ಎಕರೆಗೆ ಎರಡೂವರೆ ಕಿಲೋ ಬೀಜವನ್ನು ಜೂನ್-ಜುಲೈಯಲ್ಲಿ ಮೇಲ್ಮಣ್ಣಿಗೆ ಎರಚಿ, ತೆಳುವಾಗಿ ಮುಚ್ಚಿದರೆ ಸುಮಾರು 75 ದಿನಕ್ಕೆ ಮೊದಲ ಕೊಯ್ಲು, ಮುಂದೆ ಮೂರು ವರ್ಷ ನೆಲ ಹಿಡಿದಿರುತ್ತದೆ.

ಇಷ್ಟೆಲ್ಲ ಗುಣಗಳಿರುವ ಗಿಡವನ್ನೇ ಎಲ್ಲೆಡೆ ಹಬ್ಬಿಸಿದರೆ ಏನಾಗುತ್ತದೆಂಬುದಕ್ಕೆ ಆಸ್ಟ್ರೇಲಿಯದ ಅನುಭವವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯಾರೂ ಕರೆಯದೆಯೇ ಬಂದ ಸ್ಟೈಲೋದ ಒಂದು ಪ್ರಭೇದ ಟೌನ್ಸ್‌ವಿಲ್ ಬಂದರಿನ ಸುತ್ತ ಹಬ್ಬಿ, ಆ ಊರಿನ ಹೆಸರನ್ನೇ ಪಡೆದು, ಉತ್ತರ ಆಸ್ಟ್ರೇಲಿಯದ ಹುಲ್ಲುಗಾವಲುಗಳ ಆಧಾರವಾಯಿತು. 1970ರ ದಶಕದಲ್ಲಿ ಆಂಥ್ರಕ್ನೋಸ್ ಎಂಬ ಶಿಲೀಂಧ್ರ ರೋಗ ಬಿದ್ದದ್ದೇ ತಡ, ಕೆಲವೇ ವರ್ಷಗಳಲ್ಲಿ ಆ ಪ್ರಭೇದ ಬಹುಪಾಲು ಅಳಿದುಹೋಯಿತು. ಅನಂತರ ಸೆಕಾ, ವೆರಾನೋ ಎಂಬ ಬೇರೆ ಪ್ರಭೇದಗಳ ತಳಿಗಳು ಆ ಜಾಗ ತುಂಬಿದವು. ರೋಗನಾಶಕ ಸಿಂಪಡಿಸುವ ಅವಕಾಶವಿಲ್ಲದ ಸಾವಯವ ಕೃಷಿಕ ಒಂದೇ ಸ್ಟೈಲೋವನ್ನು ನಂಬುವ ಬದಲು ಎರಡು ಮೂರು ಪ್ರಭೇದಗಳ ಬೀಜ ಬೆರೆಸಿ ಎರಚುವುದು ಹಿತವೆಂಬ ಸಲಹೆ ಬಂದದ್ದು ಈ ಪೆಟ್ಟಿನಿಂದ.

ಗೋಮಾಳದ ಪ್ರಶ್ನೆ ಬೇರೆ. ಎಲ್ಲರ ದನ ಮೇಯುವ ಜಾಗದಲ್ಲಿ ಬೀಜ ಎರಚಿದವನಿಗೆ ಮೊದಲ ವರ್ಷ ದನ ತಡೆಯುವ ಅಧಿಕಾರವಿರುವುದಿಲ್ಲ. ಊರು ಒಪ್ಪದೆ ಅಲ್ಲಿ ಯಾವ ಸ್ಟೈಲೋವೂ ಬೇರೂರದು.

ಸುಬಾಬುಲ್‌ನ ವಿಷ

ಮರಮೇವುಗಳಲ್ಲಿ ಸುಬಾಬುಲ್‌ನಷ್ಟು ಹೊಗಳಿಸಿಕೊಂಡದ್ದೂ ಬೈಸಿಕೊಂಡದ್ದೂ ಮತ್ತೊಂದಿಲ್ಲ. ಮೆಕ್ಸಿಕೋ ಮೂಲದ ಈ ಮರದ ಹವಾಯಿ ತಳಿಗಳನ್ನು ಭಾರತದಲ್ಲಿ ಜನಪ್ರಿಯಗೊಳಿಸಿದ್ದು ಮಣಿಭಾಯಿ ದೇಸಾಯಿ ಅವರು 1967ರಲ್ಲಿ ಪುಣೆ ಬಳಿಯ ಉರುಳಿಕಾಂಚನದಲ್ಲಿ ಸ್ಥಾಪಿಸಿದ ಬಾಯಫ್ ಸಂಸ್ಥೆ. ಒಮ್ಮೆ ಬೇರು ಬಿಟ್ಟರೆ ಬರಗಾಲದಲ್ಲಿಯೂ ಚಿಗುರುವ ಇದರ ಸೊಪ್ಪಿನಲ್ಲಿ ಸಸಾರಜನಕ ಶೇ. 20ನ್ನು ಮೀರುತ್ತದೆ.

ಆದರೆ ಅದೇ ಸೊಪ್ಪಿನಲ್ಲಿ ಮೈಮೊಸಿನ್ ಎಂಬ ವಿಷವೂ ಇದೆ. ಬರೀ ಸುಬಾಬುಲ್ ತಿಂದ ಆಸ್ಟ್ರೇಲಿಯದ ದನಗಳಲ್ಲಿ ಕೂದಲು ಉದುರುವುದು, ಜೊಲ್ಲು ಸುರಿಯುವುದು, ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಊದಿಕೊಳ್ಳುವುದು ಕಾಣಿಸಿಕೊಂಡವು. ಹವಾಯಿಯ ಆಡುಗಳಾದರೋ ಇದೇ ಸೊಪ್ಪನ್ನು ತಿಂದು ದಷ್ಟಪುಷ್ಟವಾಗಿದ್ದವು. ವ್ಯತ್ಯಾಸ ಗಿಡದಲ್ಲಿಲ್ಲ, ಆಡಿನ ಹೊಟ್ಟೆಯಲ್ಲಿದೆ ಎಂದು ಊಹಿಸಿದವರು ಆಸ್ಟ್ರೇಲಿಯದ ವಿಜ್ಞಾನಿ ರೇಮಂಡ್ ಜೋನ್ಸ್. 1980ರ ದಶಕದ ಆರಂಭದಲ್ಲಿ ಅವರು ಹವಾಯಿಯ ಆಡಿನ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ತಂದು ತಮ್ಮ ದೇಶದ ಪಶುಗಳಿಗೆ ಕುಡಿಸಿದರು. ವಿಷದ ಲಕ್ಷಣಗಳು ಇಳಿದವು. ಆ ಕೆಲಸ ಮಾಡುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ 1992ರಲ್ಲಿ ಜೋನ್ಸ್ ಅವರ ಹೆಸರಿನಲ್ಲಿಯೇ ಸಿನರ್ಜಿಸ್ಟಿಸ್ ಜೋನೆಸಿ ಎಂದು ಕರೆಯಲಾಯಿತು. ಈ ಒಂದು ಜೀವಿಯೇ ಪೂರ್ಣ ರಕ್ಷಣೆ ನೀಡುತ್ತದೆಯೇ ಎಂಬ ಬಗ್ಗೆ ಈಚೆಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಸುಬಾಬುಲ್ ಬಹುಕಾಲದಿಂದ ಬೆಳೆದಿರುವ ಪ್ರದೇಶಗಳ ಜಾನುವಾರುಗಳು ಕ್ರಮೇಣ ಹೊಂದಿಕೊಳ್ಳುತ್ತವೆಯಾದರೂ ಮೇವಿನ ಮೂರನೆಯ ಒಂದು ಭಾಗ ಮೀರದಂತೆ ಕೊಡಬೇಕೆಂಬುದು ರೂಢಿಯ ಎಚ್ಚರಿಕೆ. ಕುದುರೆ, ಮೊಲ, ಕೋಳಿಗಳಿಗೆ ಹಾಕದಿರುವುದೇ ಲೇಸು.

1980ರ ದಶಕದ ಕೊನೆಯಲ್ಲಿ ಚಿಗುರಿನ ರಸ ಹೀರುವ ಜಿಗಿಹೇನೊಂದು ಏಷ್ಯಾದಾದ್ಯಂತ ಹಬ್ಬಿ ಭಾರತಕ್ಕೂ ಬಂದು ಸುಬಾಬುಲ್ ತೋಪುಗಳನ್ನು ಬೋಳಿಸಿತು. ಅದನ್ನು ತಿನ್ನುವ ಗುಲಗಂಜಿ ಹುಳುವಿನ ಒಂದು ಜಾತಿಯನ್ನು ಬೆಂಗಳೂರಿನ ಜೈವಿಕ ಕೀಟ ನಿಯಂತ್ರಣ ತಜ್ಞರು ಥಾಯ್ಲೆಂಡ್‌ನಿಂದ ತರಿಸಿ ಬಿಟ್ಟರು. ಇನ್ನೊಂದು ದೂರು ಈಗಲೂ ಇದೆ: ಕಾಯಿ ಸಿಡಿದು ಬಿದ್ದ ಬೀಜಗಳು ಬೇಡದೆಡೆಯೆಲ್ಲ ಮೊಳೆತು ಕಳೆಯಾಗುತ್ತವೆ. ಕಾಯಿ ಕಟ್ಟುವ ಮೊದಲೇ ಸವರುತ್ತಿದ್ದರೆ ಈ ತೊಂದರೆ ಇರದು.

ಬೇಲಿ ಮೆಂತೆ, ಶಂಖಪುಷ್ಪ

ಸುಬಾಬುಲ್‌ನ ಸಣ್ಣ ತಮ್ಮನಂತೆ ಕಾಣುವ, ಅದರ ವಿಷವಿಲ್ಲದ ಪೊದೆ ಬೇಲಿ ಮೆಂತೆ. ಬಿತ್ತಿದ ಮೂರು ತಿಂಗಳಿಗೆ ಮೊದಲ ಕೊಯ್ಲು, ಅನಂತರ ಸುಮಾರು ನಲವತ್ತು ದಿನಕ್ಕೊಮ್ಮೆ. ನೀರಿದ್ದರೆ ಹೇರಳವಾಗಿ ಬೆಳೆಯುತ್ತದೆ, ಇಲ್ಲದಿದ್ದರೆ ಎಲೆ ಉದುರಿಸಿ ಮಳೆಗೆ ಕಾಯುತ್ತದೆ. ಟ್ಯಾನಿನ್ ಅಂಶವಿರುವುದರಿಂದ ಹೊಟ್ಟೆ ಉಬ್ಬರದ ಭಯವಿಲ್ಲ.

ಸ್ಟೈಲೋಗೆ ಒಗ್ಗದ ಎರೆಭೂಮಿಗೆ ಶಂಖಪುಷ್ಪವಿದೆ. ನಗರದ ಕಾಂಪೌಂಡುಗಳ ಮೇಲೆ ಹಬ್ಬಿ ಪೂಜೆಗೆ ನೀಲಿ ಹೂ ಕೊಡುವ ಇದೇ ಬಳ್ಳಿಯನ್ನು ಆಸ್ಟ್ರೇಲಿಯದ ಜಿಗುಟು ಕಪ್ಪುಮಣ್ಣಿನಲ್ಲಿ ಮಿಲ್ಗಾರಾ ಎಂಬ ತಳಿಯ ಹೆಸರಿನಲ್ಲಿ ಹುಲ್ಲುಗಾವಲಾಗಿ ಬೆಳೆಸುತ್ತಾರೆ. ಝಾನ್ಸಿಯಲ್ಲಿ 1962ರಲ್ಲಿ ಆರಂಭವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯೂ, ಧಾರವಾಡದಲ್ಲಿರುವ ಅದರ ಪ್ರಾದೇಶಿಕ ಕೇಂದ್ರವೂ ಇಂಥ ಒಣನೆಲದ ಮೇವುಗಳ ಮೇಲೆ ಕೆಲಸ ಮಾಡುತ್ತಿವೆ. ಬದುವಿನ ಚೊಗಚೆ, ಗ್ಲಿರಿಸಿಡಿಯಾಗಳನ್ನೂ ಮರೆಯುವಂತಿಲ್ಲ. ಗ್ಲಿರಿಸಿಡಿಯಾದ ವಾಸನೆಗೆ ದನ ಮೊದಮೊದಲು ಮುಖ ತಿರುಗಿಸುತ್ತದೆ. ಒಂದು ದಿನ ಬಾಡಿಸಿ ಹಾಕಿದರೆ ತಿನ್ನಲು ಕಲಿಯುತ್ತದೆ.

ಒಂದು ಹಸುವಿನ ಲೆಕ್ಕ

ಸುಮಾರು 350 ಕಿಲೋ ತೂಕದ ಹಸು ದಿನಕ್ಕೆ ಒಂಬತ್ತು ಕಿಲೋ ಒಣ ಮೇವು ತಿನ್ನುತ್ತದೆಂದು ಇಟ್ಟುಕೊಳ್ಳಬಹುದು. ಒಂಬತ್ತೂ ಕಿಲೋ ರಾಗಿಹುಲ್ಲೇ ಆದರೆ ಸಿಗುವ ಸಸಾರಜನಕ ಮುನ್ನೂರು ಗ್ರಾಮಿನ ಆಸುಪಾಸು. ಅದರಲ್ಲಿ ಮೂರು ಕಿಲೋವನ್ನು ಮಾತ್ರ ಶೇ. 16ರ ದ್ವಿದಳ ಒಣಮೇವಿನಿಂದ ಬದಲಾಯಿಸಿದರೆ ಒಟ್ಟು ಏಳುನೂರು ಗ್ರಾಮಿನ ಹತ್ತಿರ ಬರುತ್ತದೆ. ಅಂದರೆ ಸರಾಸರಿ ಶೇ. 7ರ ಗೆರೆ ದಾಟುತ್ತದೆ. ಇಷ್ಟರಿಂದ ಹಸು ಬಡಕಲಾಗದೆ ಉಳಿಯುತ್ತದೆ, ತಿಂದ ಹುಲ್ಲು ಅರಗುತ್ತದೆ. ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿಗೆ ಇದು ಏನೇನೂ ಸಾಲದು. ಸಾವಯವ ಒಣಭೂಮಿಯಲ್ಲಿ ನಾಟಿ ಹಸು, ಎಮ್ಮೆ, ಆಡು-ಕುರಿಗಳ ಮಾತೇ ಹೆಚ್ಚಾಗಿ ಕೇಳಿಬರುವುದಕ್ಕೆ ಭಾವುಕತೆಗಿಂತ ಈ ಲೆಕ್ಕವೇ ಕಾರಣ.

ದಿನಕ್ಕೆ ಮೂರು ಕಿಲೋ ಎಂದರೆ ವರ್ಷಕ್ಕೆ ಹನ್ನೊಂದು ಕ್ವಿಂಟಲ್. ಸಾಧಾರಣ ಮಳೆಯ ವರ್ಷದಲ್ಲಿ ಒಂದು ಎಕರೆ ಸ್ಟೈಲೋ ಅಥವಾ ಅವರೆಯಿಂದ ಒಂದು ಟನ್ ಒಣಮೇವು ನಿರೀಕ್ಷಿಸುವುದು ಅತ್ಯಾಸೆಯಲ್ಲ. ಎರಡು ಎಕರೆಯ ಒಡೆಯ ಒಂದು ಎಕರೆಯನ್ನು ಮೇವಿಗೆ ಬಿಡಲಾರ; ಅಕ್ಕಡಿ ಸಾಲು, ಬದು, ಬೇಲಿಗಳಿಗೆ ಮಹತ್ವ ಬರುವುದು ಇಲ್ಲಿಯೇ. ಒಣಗಿಸುವಾಗಲೂ ಜೋಪಾನ ಬೇಕು. ದ್ವಿದಳ ಮೇವಿನ ಸತ್ವವೆಲ್ಲ ಎಲೆಯಲ್ಲಿರುತ್ತದೆ. ಉರಿಬಿಸಿಲಿನಲ್ಲಿ ಒಣಗಿಸಿ ಮಧ್ಯಾಹ್ನ ಎತ್ತಿದರೆ ಎಲೆ ಪುಡಿಯಾಗಿ ಕಣದಲ್ಲಿಯೇ ಉಳಿದು ಕಡ್ಡಿ ಮಾತ್ರ ಕೊಟ್ಟಿಗೆ ಸೇರುತ್ತದೆ. ನೆರಳಿನಲ್ಲಿ ಬಾಡಿಸಿ, ಬೆಳಗಿನ ಇಬ್ಬನಿಯ ತೇವವಿರುವಾಗ ಕಟ್ಟುವುದು ರೈತರು ಕಂಡುಕೊಂಡ ಉಪಾಯ.

ಬೀಜದ ಪಡಿಪಾಟಲು

ಸ್ಟೈಲೋ, ಬೇಲಿ ಮೆಂತೆ, ಸುಬಾಬುಲ್ ಮೂರರ ಬೀಜದ ಸಿಪ್ಪೆಯೂ ಗಡುಸು. ಪ್ರಯೋಗಾಲಯಗಳಲ್ಲಿ ಗಂಧಕಾಮ್ಲದಲ್ಲಿ ಅದ್ದುವುದುಂಟು. ಸಾವಯವ ಕೃಷಿಕನಿಗೆ ಬಿಸಿನೀರೇ ಗತಿ. ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ ತೆಗೆದು, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು. ಹೊಸ ಬೆಳೆ ಕಾಣುವ ನೆಲಕ್ಕೆ ತಕ್ಕ ರೈಜೋಬಿಯಂ ಹಚ್ಚದಿದ್ದರೆ ಗಿಡ ಹಳದಿಯಾಗಿಯೇ ನಿಲ್ಲುತ್ತದೆ. ಅವರೆ, ಅಲಸಂದೆ, ಹುರುಳಿಗೆ ಈ ಯಾವ ರಗಳೆಯೂ ಇಲ್ಲ. ಮನೆಯ ಮಡಕೆಯಲ್ಲಿಯೇ ಬೀಜವಿರುತ್ತದೆ.

ಸ್ಟೈಲೋ ಬೀಜದ ಮಾರುಕಟ್ಟೆಗೆ ಬಹುಕಾಲದಿಂದ ಆಧಾರವಾಗಿರುವುದು ಪಾವಗಡ, ಚಳ್ಳಕೆರೆಗಳಿಗೆ ಅಂಟಿಕೊಂಡಿರುವ ಆಂಧ್ರದ ಅನಂತಪುರ ಸೀಮೆ. ಸ್ಟೈಲೋ ಬೀಜ ಒಟ್ಟಿಗೆ ಮಾಗುವುದಿಲ್ಲ, ಮಾಗಿದ್ದು ಗಿಡದಲ್ಲಿ ನಿಲ್ಲುವುದೂ ಇಲ್ಲ. ಗಿಡ ಕೊಯ್ದು ಮೇವಿಗೆ ಎತ್ತಿಟ್ಟ ಮೇಲೆ, ನೆಲಕ್ಕುದುರಿದ ಸಾಸಿವೆಯಷ್ಟು ಸಣ್ಣ ಬೀಜವನ್ನು ಅಲ್ಲಿನ ರೈತರು ಪೊರಕೆಯಿಂದ ಗುಡಿಸಿ, ಮಣ್ಣು ತೂರಿ, ಜರಡಿಯಾಡಿ ಚೀಲಕ್ಕೆ ತುಂಬುತ್ತಾರೆ.